ಪೀಡೆ ಹದಿನೇಳು

"ಮೀಟರ್ ಮಾತ್ರ ಮುಟ್ಬೇಡಪ್ಪ," ಎಂದಳು ನೆದೆಲ್ಯಾ ಅಜ್ಜಿ. "ಮಿಕ್ಕಿದ್ದೇನು ಬೇಕಾದ್ರೂ ಮಾಡ್ಕೋ. ಬಣ್ಣ ಬಳಿ, ಸೀಟು ಕಿತ್ತು ಬಿಸಾಕು. ಆ ಸಂಖ್ಯೆ ಮುಂದಕ್ಕೆ ಹೋಗ್ತಾ ಇರ್ಲಿ. ಹಿಂದಕ್ಕೆ ತಿರುಗಿಸಿದ್ಯೋ, ಅದು ಮತ್ತೆ ಈ ಸಂಖ್ಯೆಗೇ ಬರ್ಬೇಕಾಗುತ್ತೆ."

ಗಾಡಿ ಕೊಂಡ ಸ್ವಿಲೆನ್ ನಕ್ಕ. ಎಂಥಾ ನಗು ಅಂತೀರಿ! ಕೊಟ್ಟಿಗೆಯ ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು, ಎದುರಿನ ಗುಡ್ಡ ಆ ನಗುವನ್ನು ಮೂರು ಸಲ ತಿರುಗಿ ನಕ್ಕಿತು, ಪಕ್ಕದ ಮನೆಯ ಹೇಸರಗತ್ತೆ ಆವತ್ತಿನಿಂದ ಹುಲ್ಲು ಮುಟ್ಟಲಿಲ್ಲ. ಸ್ವಲ್ಪ ಹೆಚ್ಚಾಯಿತು ಅನ್ನಿಸಿದರೆ ಹೇಸರಗತ್ತೆಯನ್ನು ಬಿಟ್ಟುಬಿಡಿ. ಪಾರಿವಾಳಗಳಂತೂ ಹಾರಿದವು, ನಾನೇ ನೋಡಿದ್ದೇನೆ. ಆ ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆಳೆದವನು ನಾನು. ಈ ಸೀಮೆಯಲ್ಲಿ ಕೆಟ್ಟು ನಿಂತ, ಕಂದಕಕ್ಕೆ ಬಿದ್ದ, ನೀರಿಗಿಳಿದ ಗಾಡಿಗಳನ್ನೆಲ್ಲ ಎಳೆಯುವ ಲಾರಿ ನನ್ನದು. ಒಮ್ಮೆ ಚರ್ಚಿನ ಗಂಟೆಗೋಪುರ ವಾಲಿದಾಗ ಅದನ್ನೂ ಎಳೆದು ನೆಟ್ಟಗೆ ಮಾಡಿದ್ದೇನೆ. ಇರಲಿ, ಅದು ಬೇರೆ ಕತೆ.

"ಯಾಕಜ್ಜಿ, ಮೀಟರೊಳಗೆ ದೆವ್ವ ಕೂತಿದ್ಯಾ?" ಎಂದ ಸ್ವಿಲೆನ್, ಕಣ್ಣೊರೆಸಿಕೊಳ್ಳುತ್ತ.

"ನನ್ನ ಮಗ ಕೂತಿದಾನೆ."

ದನಿ ಏರಲಿಲ್ಲ, ಇಳಿಯಲಿಲ್ಲ.

ಉದ್ದನೆಯ ಕಪ್ಪು ಸೆಡಾನ್ ಅದು, ಮಂತ್ರಿಗಳು ಹಿಂದಿನ ಸೀಟಿನಲ್ಲಿ ಕೂತು ಓಡಾಡುವಂಥದ್ದು. ಯಾವ ಕಂಪನಿಯದೆಂದು ನಾನು ಹೇಳುವುದಿಲ್ಲ. ತಪ್ಪು ಅದನ್ನು ಮಾಡಿದವರದ್ದಲ್ಲ. ಬಾಗಿಲು ತೆರೆದರೆ ಒಳಗಿನಿಂದ ವಾಸನೆ ಹೊಡೆಯಿತು: ಕೊಳೆತ ಪಾಚಿ, ಒದ್ದೆ ಚರ್ಮ, ಬಹಳ ಕಾಲ ಮುಚ್ಚಿಟ್ಟ ಬಾವಿ. ನಾಲ್ಕು ವರ್ಷದ ಹಿಂದೆ ಅಜ್ಜಿಯ ಒಬ್ಬನೇ ಮಗ ಲ್ಯೂಬೆನ್ ಇದೇ ಗಾಡಿಯೊಳಗೆ ಕೂತು ಚೆರ್ನಾ ಜಲಾಶಯದ ತಳ ಸೇರಿದ್ದ. ಆಗ ಎಳೆದು ತೆಗೆದವನೂ ನಾನೇ. ಮೀಟರ್ ಆವತ್ತು ನಿಂತಲ್ಲಿಯೇ ಈಗಲೂ ನಿಂತಿತ್ತು. ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರಾರು.

ಅಜ್ಜಿಯ ಕೈಯಲ್ಲಿ ತಾಮ್ರದ ಚೆಂಬಿತ್ತು. ನಮ್ಮಲ್ಲಿ ಯಾರೇ ದೂರ ಹೊರಟರೂ, ಗಾಡಿ ಹೊಸ ಯಜಮಾನನ ಜೊತೆ ಅಂಗಳ ಬಿಟ್ಟರೂ ಮುಂದೆ ನೀರು ಚೆಲ್ಲುತ್ತೇವೆ, ದಾರಿ ನೀರಿನ ಹಾಗೆ ಸರಾಗವಾಗಿ ಹರಿಯಲಿ ಎಂದು. ಸ್ವಿಲೆನ್ ಕಾದ. ಅಜ್ಜಿ ಚಕ್ರಗಳನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ತಿರುಗಿ ಹೋಗಿ ಇಡೀ ಚೆಂಬನ್ನು ಗೋಡೆ ಬದಿಯ ಗಿಡದ ಬುಡಕ್ಕೆ ಸುರಿದಳು.

"ಇದು ಕುಡಿದಿದ್ದು ಸಾಕು," ಎಂದಳು.

*

ಸ್ವಿಲೆನ್ ನಮ್ಮ ಲೋಮ್ನಿತ್ಸಾಕ್ಕೆ ಬಂದು ಮೂರೇ ತಿಂಗಳಾಗಿತ್ತು. ರಾಜಧಾನಿ ಸೋಫಿಯಾದವನು. ಪೆಟ್ರೋಲ್ ಬಂಕಿನ ಪಕ್ಕ ಬಣ್ಣದ ಬಾವುಟ ಕಟ್ಟಿ ಹಳೇ ಗಾಡಿಗಳ ವ್ಯಾಪಾರ ಇಟ್ಟಿದ್ದ. ಮಾತು ಎಂಥದೆಂದರೆ, ಚಕ್ರವೇ ಇಲ್ಲದ ಗಾಡಿಯನ್ನು "ಟೈರ್ ಸವೆಯೋ ಚಿಂತೆಯೇ ಇಲ್ಲ ನೋಡಿ" ಎಂದು ಬಿಷಪ್ಪರಿಗೇ ಮಾರಿಯಾನು. ಹೆಂಡತಿ ರಾಲಿತ್ಸಾ. ಆರು ವರ್ಷದ ಮಗಳು ಯೋಆನಾ. ಆ ಮಗು ಸೀನಿದರೆ ಇವನಿಗೆ ಜ್ವರ ಏರುತ್ತಿತ್ತು. ಇದರಲ್ಲಿ ನಾನು ಒಂದಕ್ಷರವೂ ಹೆಚ್ಚಿಸಿಲ್ಲ.

ಮೀಟರ್ ತಿರುಗಿಸುವುದು ನಮ್ಮ ಕಡೆಯ ವ್ಯಾಪಾರಿಗಳಿಗೆ ಗಡ್ಡ ಬೋಳಿಸಿಕೊಂಡಷ್ಟು ಸಹಜ. ಲ್ಯಾಪ್‌ಟಾಪಿಗೆ ಒಂದು ತಂತಿ ಸಿಕ್ಕಿಸಿ ಎರಡು ಗುಂಡಿ ಒತ್ತಿದರೆ ಮುದಿ ಗಾಡಿ ಮದುವೆಗೆ ಬಂದ ಹುಡುಗಿಯಾಗುತ್ತದೆ. ಸ್ವಿಲೆನ್‌ಗೆ ಇಷ್ಟದ ಸಂಖ್ಯೆಯೊಂದಿತ್ತು: ಒಂದು ಲಕ್ಷ ಮೂವತ್ತೆಂಟು ಸಾವಿರ. ತೀರಾ ಕಡಿಮೆಯಾದರೆ ಅನುಮಾನ, ಹೆಚ್ಚಾದರೆ ಗಿರಾಕಿ ಓಡುತ್ತಾನೆ. ಅವನ ಕೈಯಿಂದ ಹೊರಟ ಗಾಡಿಗಳೆಲ್ಲ ಅಷ್ಟೇ ಓಡಿದ್ದವು. ಏರ್‌ಬ್ಯಾಗ್ ಕೆಟ್ಟಿದೆ ಎಂದು ಫಲಕದಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಅದಕ್ಕೂ ಮದ್ದಿತ್ತು. ಫಲಕ ಬಿಚ್ಚಿ, ದೀಪದ ಮೇಲೆ ಹೆಂಡತಿಯ ಗಾಢ ನೇರಳೆ ಉಗುರು ಬಣ್ಣದ ಒಂದು ತೊಟ್ಟು. ದೀಪ ಕುರುಡು. ಗಿರಾಕಿ ಖುಷಿ.

ಆಮೇಲೆ ಫೋನುಗಳು ಬರುತ್ತಿದ್ದವು. ಬ್ರೇಕು, ಗೇರು, ಲಾಕು ಎಂದು ಗೋಳಾಡುವವರನ್ನೆಲ್ಲ ಸ್ವಿಲೆನ್ ಫೋನಿನಲ್ಲಿ 'ಪೀಡೆ ಒಂದು', 'ಪೀಡೆ ಎರಡು' ಎಂದು ಹೆಸರಿಟ್ಟು ಬಾಯಿ ಮುಚ್ಚಿಸುತ್ತಿದ್ದ. ಸೋಫಿಯಾ ಬಿಟ್ಟು ಬರುವ ಹೊತ್ತಿಗೆ ಪೀಡೆಗಳು ಒಂದು ಪಡೆಯಾಗಿದ್ದವು.

ಕಪ್ಪು ಗಾಡಿಯನ್ನು ನಾನು ಮೆಕ್ಯಾನಿಕ್ ತ್ಸಾಂಕೊನ ಶೆಡ್ಡಿಗೆ ಎಳೆದುಕೊಟ್ಟೆ. ತ್ಸಾಂಕೊ ಎರಡು ವಾರ ಅದರೊಳಗೆ ಗುದ್ದಾಡಿದ. ಇಂಜಿನ್ ಎದ್ದಿತು. ಮೂರನೇ ವಾರ ಚಾಲಕನ ಸೀಟು ಎತ್ತಿದವನು ಕೈ ಸುಟ್ಟವನಂತೆ ಹಿಂದೆ ಸರಿದ. ಕೆಳಗೆ ಕೆಂಪು ನೂಲು ಸುತ್ತಿದ ಒಂದು ಸೀಸದ ಗಟ್ಟಿ.

"ಸ್ವಿಲೆನ್, ಬಾರೋ ಇಲ್ಲಿ. ಇದು ಎರಕ ಹೊಯ್ದ ಸೀಸ. ನೆದೆಲ್ಯಾ ಅಜ್ಜಿ ಹೊಯ್ದಿದ್ದು."

ನಮ್ಮ ಮುದುಕಿಯರು ಭಯ ಬಿಡಿಸಲು ಕರಗಿದ ಸೀಸವನ್ನು ನೀರಿಗೆ ಹೊಯ್ಯುತ್ತಾರೆ. ಭಯದ ಆಕಾರ ಸೀಸದಲ್ಲಿ ಮೂಡುತ್ತದೆ. ಭಯ ಬಿಡಿಸಬಲ್ಲವರಿಗೆ ಅದನ್ನು ಕಟ್ಟಿಹಾಕುವುದೂ ಗೊತ್ತು. ಈ ಗಟ್ಟಿ ಒಂದು ಪಾದದ ಹಾಗಿತ್ತು. ಬೆರಳುಗಳು ಮಡಚಿ, ಹಿಮ್ಮಡಿ ಎತ್ತಿ, ಏನನ್ನೋ ಜೀವ ಬಿಟ್ಟು ತುಳಿಯುತ್ತಿರುವ ಪಾದ.

"ನಿನ್ನ ತಲೆ. ಚಕ್ರದ ತೂಕಕ್ಕೆ ಬಡಿಯೋ ಸೀಸ ಕರಗಿರ್ಬೇಕು," ಎಂದು ಸ್ವಿಲೆನ್ ಅದನ್ನು ಕಿಟಕಿಯಾಚೆ ಗುಜರಿಯ ರಾಶಿಗೆ ಎಸೆದ.

ತ್ಸಾಂಕೊ ಎದೆಗೆ ಮೂರು ಸಲ ಥೂ ಥೂ ಥೂ ಅಂದುಕೊಂಡ. "ನೋಡಪ್ಪ, ಮಿಕ್ಕಿದ್ದೆಲ್ಲ ಮಾಡಿಕೊಟ್ಟಿದೀನಿ. ಮೀಟರ್‌ಗೆ ಮಾತ್ರ ನಾನು ಕೈ ಹಾಕಲ್ಲ. ನಿನ್ನ ದಮ್ಮಯ್ಯ, ನೀನೂ ಹಾಕ್ಬೇಡ."

"ಮೂವತ್ತು ವರ್ಷ ಗ್ರೀಸ್ ನೆಕ್ಕಿದ್ದೀಯಾ, ಮುದುಕಿ ಮಾತಿಗೆ ಚಡ್ಡಿ ಒದ್ದೆ ಮಾಡ್ಕೋತೀಯಲ್ಲೋ."

"ಒದ್ದೆ ಆಗಿರೋದು ನನ್ನ ಚಡ್ಡಿ ಅಲ್ಲ," ಎಂದ ತ್ಸಾಂಕೊ. ಗಾಡಿಯೊಳಗೆ ಬೆರಳು ತೋರಿಸಿದ. ಒಣಗಿ ಚಕ್ಕೆಯಾಗಿದ್ದ ಕಾಲಡಿಯ ಹಾಸಿನಿಂದ ನೀರು ಒಸರುತ್ತಿತ್ತು.

*

ಮೀಟರ್ ಫಲಕವನ್ನು ಸ್ವಿಲೆನ್ ತಾನೇ ಬಿಚ್ಚಿದ. ಒಬ್ಬನೇ, ಮಧ್ಯಾಹ್ನ, ತನ್ನ ಅಂಗಡಿಯಲ್ಲಿ. ಫಲಕ ತಿರುಗಿಸಿ ಬೆಳಕಿಗೆ ಹಿಡಿದವನು ಹಾಗೆಯೇ ಕೂತುಬಿಟ್ಟ.

ಏರ್‌ಬ್ಯಾಗ್ ದೀಪದ ಮೇಲೆ ಒಂದು ತೊಟ್ಟು ಗಾಢ ನೇರಳೆ ಉಗುರು ಬಣ್ಣ.

ಆಗ ಎಲ್ಲ ನೆನಪಾಯಿತು. ಆಗ ಇದು ಬಿಳಿ ಗಾಡಿ, ಕಪ್ಪು ಬಣ್ಣ ಕೊಂಡವನು ಆಮೇಲೆ ಬಳಿಸಿದ್ದು. ಉತ್ತರದ ಯಾವುದೋ ದೇಶದಲ್ಲಿ ನದಿ ಉಕ್ಕಿ ಊರಿಗೂರೇ ಮುಳುಗಿದಾಗ ಮುಳುಗಿದ್ದು. ಅಲ್ಲಿ ಗುಜರಿಗೆ ಹಾಕಿದ್ದನ್ನು ಇವನು ತಂದು, ಒಣಗಿಸಿ, ಸುಗಂಧ ಚಿಮುಕಿಸಿ, ಒಂದು ಲಕ್ಷ ಮೂವತ್ತೆಂಟು ಸಾವಿರಕ್ಕೆ ತಿರುಗಿಸಿದ್ದ. ಕೊಂಡವನು ನಾಚಿಕೆಯ ಹುಡುಗ. ಬೀಗದ ಕೈ ಇಸಿದುಕೊಳ್ಳುವಾಗ ಎರಡೂ ಕೈ ಚಾಚಿದ್ದ. ಇವನು ಅವನ ಬೆನ್ನು ತಟ್ಟಿ "ಏನಾದ್ರೂ ಆದ್ರೆ ನನಗೇ ಫೋನ್ ಮಾಡು ತಮ್ಮಾ" ಎಂದಿದ್ದ.

ಹುಡುಗ ಮಾಡಿದ್ದ ಕೂಡ. ಪೀಡೆ ಹದಿನೇಳು.

ಇಲ್ಲಿ ನಿಲ್ಲಬಹುದಿತ್ತು ಸ್ವಿಲೆನ್. ಫಲಕವನ್ನು ಹಾಗೆಯೇ ಕೂರಿಸಿ, ಗಾಡಿ ಎಳೆಸಿಕೊಂಡು ಹೋಗಿ ಮುದುಕಿಯ ಅಂಗಳದಲ್ಲಿ ಟೋಪಿ ತೆಗೆದು ನಿಂತಿದ್ದರೆ ಈ ಕತೆ ಇರುತ್ತಿರಲಿಲ್ಲ. ಸಿಗರೇಟು ಹಚ್ಚಿದ. ಸೇದಿ ಮುಗಿಸಿದ. ತಂತಿ ಸಿಕ್ಕಿಸಿದ.

ಒಂದು ಲಕ್ಷ ಮೂವತ್ತೆಂಟು ಸಾವಿರ.

ಸಂಖ್ಯೆ ಬದಲಾದ ಕ್ಷಣ ಗಾಡಿಯ ನಾಲ್ಕೂ ಬಾಗಿಲು ಒಟ್ಟಿಗೇ ಲಾಕ್ ಆದವು. ಟಕ್. ಆಮೇಲೆ ಒಟ್ಟಿಗೇ ತೆರೆದುಕೊಂಡವು. ಯಾರೋ ಒಳಗೆ ಬಂದು ಕೂತ ಹಾಗೆ.

*

ಮಾರನೆಯ ಬೆಳಿಗ್ಗೆ ಮೀಟರ್ ಒಂದು ಲಕ್ಷ ನಲವತ್ತೊಂದು ಸಾವಿರ ತೋರಿಸುತ್ತಿತ್ತು. ಗಾಡಿ ಒಂದು ಗೇಣೂ ಅಲುಗಿರಲಿಲ್ಲ. ಬಾನೆಟ್ ಮಾತ್ರ ಬಿಸಿಯಾಗಿತ್ತು, ಹಸುವಿನ ಹೊಟ್ಟೆಯ ಹಾಗೆ. ಟೈರುಗಳಿಗೆ ಜಲಾಶಯದ ದಂಡೆಯ ಕರೀ ಕೆಸರು.

ಸ್ವಿಲೆನ್ ಬೈದುಕೊಂಡು ಮತ್ತೆ ತಿರುಗಿಸಿದ. ಸಂಜೆಗೆ ಒಂದು ಲಕ್ಷ ಐವತ್ತು ಸಾವಿರ. ಮತ್ತೆ ತಿರುಗಿಸಿದ. ಬೆಳಿಗ್ಗೆಗೆ ಒಂದು ಲಕ್ಷ ಅರವತ್ತಮೂರು ಸಾವಿರ. ಎಷ್ಟು ಹಿಂದಕ್ಕೆ ತಳ್ಳಿದರೆ ಅಷ್ಟು ಜೋರಾಗಿ ಮುಂದಕ್ಕೆ ನುಗ್ಗುತ್ತಿತ್ತು.

ಆ ಬೆಳಿಗ್ಗೆಯೇ ಮುಂದಿನ ಖಾನೆಯಲ್ಲಿ ನೋಟುಪುಸ್ತಕ ಸಿಕ್ಕಿತು. ಗಾಡಿ ತನ್ನ ಶೆಡ್ಡಿನಲ್ಲಿದ್ದಷ್ಟು ದಿನವೂ ಆ ಖಾನೆ ಖಾಲಿಯಿತ್ತು ಎಂದು ತ್ಸಾಂಕೊ ತಾಯಿಯಾಣೆ ಹಾಕುತ್ತಾನೆ. ಪುಟಗಳು ನೀರು ಕುಡಿದು ಉಬ್ಬಿದ್ದವು. ಒಳಗೆ ಲ್ಯೂಬೆನ್‌ನ ದುಂಡನೆಯ ಅಕ್ಷರ.

'೧,೪೧,೦೦೦. ಬ್ರೇಕ್ ಪೆಡಲ್ ಮೆತ್ತಗಾಗುತ್ತಿದೆ. ಫೋನ್ ಮಾಡಿದೆ. ಎತ್ತಲಿಲ್ಲ.'

'೧,೫೦,೦೦೦. ಮಳೆ ಇಲ್ಲದಿದ್ದರೂ ಕಾಲಡಿ ನೀರು. ಬಾಗಿಲೊಳಗೆ ಕುಲುಕುವ ಸದ್ದು. ಫೋನ್ ಮಾಡಿದೆ.'

'೧,೬೩,೦೦೦. ಮುಂದಿನ ಎಡ ಮೂಲೆ ಕುಸಿದು ಕೂತಿದೆ. ಎತ್ತಲಿಲ್ಲ.'

ಸ್ವಿಲೆನ್ ತಲೆಯೆತ್ತಿ ನೋಡಿದ. ಅವನ ಕಣ್ಣೆದುರೇ ಗಾಡಿಯ ಮುಂದಿನ ಎಡ ಮೂಲೆ ನಿಧಾನವಾಗಿ, ಮುದುಕನೊಬ್ಬ ಮೊಣಕಾಲೂರಿದ ಹಾಗೆ, ಉಸ್ಸೆಂದು ಕುಸಿಯಿತು.

'೧,೭೮,೦೦೦. ಓಡುತ್ತಿರುವಾಗಲೇ ಇಂಜಿನ್ ನಿಂತಿತು. ಸ್ಟೇರಿಂಗ್ ಕಲ್ಲಾಯಿತು.' '೨,೦೨,೦೦೦. ಬಾಗಿಲುಗಳು ತಾವೇ ಲಾಕ್ ಆಗುತ್ತಿವೆ. ಒಳಗಿಂದ ತೆಗೆಯಲು ಬರುವುದಿಲ್ಲ.' ಕೊನೆಯದು: '೨,೧೪,೩೦೦. ಅಮ್ಮನಿಗೆ ಹೇಳಬಾರದು, ಹೆದರಿಕೊಳ್ಳುತ್ತಾಳೆ.'

ಈಗಲಾದರೂ ಹೆದರಿದನೇ? ಹೆದರಿದ. ಆದರೆ ವ್ಯಾಪಾರಿಯ ಹೆದರಿಕೆ ಬೇರೆ ಥರ. ಗಾಡಿಯನ್ನು ಬೇರೆಯವರ ತಲೆಗೆ ಕಟ್ಟಿದರೆ ಪೀಡೆಯೂ ಅದರ ಜೊತೆ ಹೋಗುತ್ತದೆ ಎಂದುಕೊಂಡ. ಜಲಾಶಯದಾಚೆಯ ಪಟ್ಟಣದಲ್ಲಿ ಹಲ್ಲಿನ ಡಾಕ್ಟರೊಬ್ಬ ಗಾಡಿ ಬೇಕೆಂದು ಕಾದಿದ್ದ. ಭಾನುವಾರ ಮುಟ್ಟಿಸಿಬಿಡುವುದೆಂದು ಮಾತಾಯಿತು.

ಭಾನುವಾರ ಮೀಟರ್ ಒಂದು ಲಕ್ಷ ತೊಂಬತ್ತು ಸಾವಿರದಲ್ಲಿತ್ತು. ಸ್ವಿಲೆನ್ ಬೆರಳು ಮಡಚಿ ಲೆಕ್ಕ ಹಾಕಿದ. ಇಪ್ಪತ್ತನಾಲ್ಕು ಸಾವಿರ ಕಿಲೋಮೀಟರ್ ಬಾಕಿ. ಡಾಕ್ಟರ ಊರಿಗೆ ಬರೀ ಮೂವತ್ತು. ಬೇಕಾದಷ್ಟಾಯಿತು.

"ಅಪ್ಪಾ, ನಾನೂ ಬರ್ತೀನಿ!" ಯೋಆನಾ ಮೆಟ್ಟಿಲಿಳಿದು ಓಡಿಬಂದಳು. ಮಣಿಕಟ್ಟಿನಲ್ಲಿ ಮಾರ್ಚ್ ತಿಂಗಳ ಕೆಂಪು-ಬಿಳಿ ದಾರ. ವರ್ಷದ ಮೊದಲ ಕೊಕ್ಕರೆ ಕಂಡ ದಿನ ಅದನ್ನು ಬಿಚ್ಚಿ ಮರಕ್ಕೆ ಕಟ್ಟಬೇಕು. ಕೊಕ್ಕರೆ ಮೊದಲು ಇಳಿಯುವುದು ಜಲಾಶಯಕ್ಕೆ.

"ಇವತ್ತು ಬೇಡ ಕಣೇ ಪುಟ್ಟಿ."

"ನೀನು ಹೋದ ವಾರಾನೂ ಹಿಂಗೇ ಅಂದೆ. ಸುಳ್ಳ!"

ಆ ಒಂದು ಮಾತು ಅವನಿಗೆ ನಾಟಿತು. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಎರಡೆರಡು ಸಲ ಎಳೆದು ನೋಡಿದ. ರಾಲಿತ್ಸಾ ಬಾಗಿಲಿಗೆ ಬಂದಳು. ಗಾಡಿ ಮಾರಾಟಕ್ಕೆ ಹೊರಟಿದೆ, ಒಳ್ಳೆಯದಾಗಲಿ ಎಂದು ಒಂದು ಹೂಜಿ ತುಂಬ ನೀರು ತಂದು, ನಗುತ್ತ, ಚಕ್ರಗಳ ಮುಂದೆ ಚೆಲ್ಲಿದಳು.

ಸ್ವಿಲೆನ್ "ಬೇಡ" ಎಂದು ಬಾಯಿ ತೆರೆಯುವುದರೊಳಗೆ ನೀರು ನೆಲ ಮುಟ್ಟಿತ್ತು. ನೆಲದ ಮೇಲೆ ನಿಲ್ಲಲಿಲ್ಲ ಅದು. ಟೈರುಗಳತ್ತ ಹರಿದು ಹೋಯಿತು. ಏರು ದಿಕ್ಕಿಗೆ.

*

ಚೆರ್ನಾದ ದಾರಿಯಲ್ಲಿ ಮಂಜು ಎಂಥದಿತ್ತೆಂದರೆ ಕೊಡಲಿಯಿಂದ ಕಡಿದು ಸೌದೆಯಂತೆ ಒಟ್ಟಬಹುದಿತ್ತು. ಹಗಲು ಹನ್ನೊಂದಕ್ಕೇ ದೀಪ ಬೇಕು. ನಾನು ಅಣೆಕಟ್ಟಿನ ತಿರುವಿನಲ್ಲಿ ಲಾರಿ ನಿಲ್ಲಿಸಿಕೊಂಡು ಬ್ರೆಡ್ಡು ಚೀಸು ತಿನ್ನುತ್ತಿದ್ದೆ. ಮುಂದಿನದರಲ್ಲಿ ಹೊರಗಿನದು ನಾನೇ ಕಂಡದ್ದು, ಗಾಡಿಯೊಳಗಿನದು ಮಗು ಹೇಳಿದ್ದು.

"ಅಪ್ಪಾ, ಕಾಲು ತಣ್ಣಗಾಗ್ತಿದೆ," ಎಂದಳಂತೆ ಯೋಆನಾ.

ಸ್ವಿಲೆನ್ ಮೀಟರ್ ನೋಡಿದ. ಒಂದು ಲಕ್ಷ ತೊಂಬತ್ತೈದು ಸಾವಿರ. ರೆಪ್ಪೆ ಬಡಿದ. ತೊಂಬತ್ತೊಂಬತ್ತು. ಅಂಕಿಗಳು ಮಳೆಹನಿಯಂತೆ ಸುರಿಯುತ್ತಿದ್ದವು. ಎರಡು ಲಕ್ಷ. ಎರಡು ಲಕ್ಷದ ಎರಡು ಸಾವಿರ.

ಟಕ್.

ನಾಲ್ಕೂ ಬಾಗಿಲು ಲಾಕ್.

ಬ್ರೇಕ್ ಒತ್ತಿದ. ಪೆಡಲ್ ಕೆಸರಲ್ಲಿ ಕಾಲಿಟ್ಟ ಹಾಗೆ ಕೆಳಗಿಳಿಯಿತು. ಮತ್ತೆ ಒತ್ತಿದ. ಅಡಿಯಲ್ಲಿ ಇನ್ನೊಂದು ಪಾದವಿತ್ತು. ತಣ್ಣನೆಯ, ಬರಿಯ ಪಾದ. ಅದೂ ಅದೇ ಪೆಡಲನ್ನು ಜೀವ ಬಿಟ್ಟು ತುಳಿಯುತ್ತಿತ್ತು.

ಇಂಜಿನ್ ನಿಂತಿತು. ಸದ್ದಡಗಿತು. ಸ್ಟೇರಿಂಗ್ ಕಲ್ಲಾಯಿತು. ಗಾಡಿ ಮಾತ್ರ ನಿಲ್ಲಲಿಲ್ಲ. ರಸ್ತೆ ಬಿಟ್ಟು, ದೋಣಿಗಳನ್ನು ಇಳಿಸುವ ಕಾಂಕ್ರೀಟು ಇಳಿಜಾರಿಗೆ ತಿರುಗಿತು. ತಾನೇ. ನಿಧಾನವಾಗಿ. ಮನೆಯ ದಾರಿ ಬಲ್ಲ ಎತ್ತಿನ ಹಾಗೆ.

ಗಾಳಿ ಬರುವ ಕಿಂಡಿಗಳಿಂದ ನೀರು ಬಂತು. ಕರಿಯದು. ಪಾಚಿ ನಾರುವುದು. ಕಾಲಡಿ ತುಂಬಿತು. ಮೊಣಕಾಲು ಮುಟ್ಟಿತು. ಸ್ವಿಲೆನ್ ಕಿಟಕಿಗೆ ಗುದ್ದಿದ. ಮೊಣಕೈಯಿಂದ ಗುದ್ದಿದ. ಗಾಜು ಮಿಸುಕಲಿಲ್ಲ. ಹಿಂದೆ ಮಗು ಅಳುತ್ತಿತ್ತು. ಎರಡು ಲಕ್ಷ ಹದಿನಾಲ್ಕು ಸಾವಿರ. ನೂರು. ಇನ್ನೂರು.

ಆಗ ಫೋನ್ ಹೊಡೆದುಕೊಂಡಿತು.

ಪರದೆಯ ಮೇಲೆ ಹೆಸರು: ಪೀಡೆ ಹದಿನೇಳು.

ಲ್ಯೂಬೆನ್‌ನ ಫೋನು ಅವನ ತಾಯಿಯ ಪೆಟ್ಟಿಗೆಯಲ್ಲಿದೆ. ಅದರ ಹೊಟ್ಟೆಯಿಂದ ಗೇಣುದ್ದದ ಮೀನು ಹೊರಬಂದದ್ದನ್ನು ನೋಡಿದವನು ನಾನು. ಆದರೂ ಹೊಡೆದುಕೊಂಡಿತು. ಐದು ಸಲ. ಆರು ಸಲ. ಸ್ವಿಲೆನ್ ಜೀವಮಾನದಲ್ಲಿ ಮೊದಲ ಬಾರಿಗೆ ಆ ಕರೆಯನ್ನು ಎತ್ತಿದ.

"ಅಣ್ಣಾ," ಎಂದಿತು ನಾಚಿಕೆಯ ದನಿ. ಹಿಂದೆ ನೀರು ಗುಳುಗುಳು ಎನ್ನುತ್ತಿತ್ತು. "ಕ್ಷಮಿಸಿ, ತೊಂದ್ರೆ ಕೊಡ್ತಿದೀನಿ. ಏನಾದ್ರೂ ಆದ್ರೆ ಫೋನ್ ಮಾಡು ಅಂದಿದ್ರಲ್ಲ... ಬ್ರೇಕ್ ಹಿಡೀತಿಲ್ಲ. ಬಾಗಿಲು ತೆಗೆಯಕ್ಕಾಗ್ತಿಲ್ಲ. ಗಾಡಿಗೆ ಏನಾಗಿದೆ ಅಣ್ಣಾ?"

ಇನ್ನೂರೈವತ್ತು. ಇನ್ನೂರೆಪ್ಪತ್ತು.

ಸ್ವಿಲೆನ್ ಕನ್ನಡಿಯಲ್ಲಿ ಮಗಳ ಮುಖ ನೋಡಿದ. ಸುಳ್ಳು ಅವನ ನಾಲಿಗೆ ತುದಿಯಲ್ಲಿ ಎಂದಿನಂತೆ ಸಿದ್ಧವಾಗಿತ್ತು. ಅದನ್ನು ನುಂಗಿದ.

"ಅದು ಮುಳುಗಿದ ಗಾಡಿ ಕಣೋ ತಮ್ಮಾ. ನನಗೆ ಗೊತ್ತಿತ್ತು. ಬ್ರೇಕ್ ಹೋಗುತ್ತೆ ಅಂತ ಗೊತ್ತಿತ್ತು. ಲಾಕ್ ಹೋಗುತ್ತೆ ಅಂತ ಗೊತ್ತಿತ್ತು. ನಿನ್ನ ಫೋನ್ ಬಂದಾಗೆಲ್ಲ ನಾನು ಎದುರಿಗೇ ಕೂತಿದ್ದೆ, ನೋಡ್ತಾ ಇದ್ದೆ. ಇಳಿದುಬಿಡೋ. ಆ ಗಾಡಿಯಿಂದ ಇಳಿದುಬಿಡು."

ಆ ಕಡೆಯಿಂದ ಒಂದು ನಿಟ್ಟುಸಿರು, ತುಂಬಾ ದಿನದಿಂದ ಹೊತ್ತಿದ್ದ ಮೂಟೆ ಇಳಿಸಿದವನ ಹಾಗೆ.

"ಇಷ್ಟೇ ಕೇಳ್ಬೇಕಿತ್ತು ಅಣ್ಣಾ."

ಟಕ್.

ಒಂದೇ ಲಾಕ್ ತೆರೆದುಕೊಂಡಿತು. ಹಿಂದಿನ ಬಾಗಿಲು. ಮಗುವಿನ ಪಕ್ಕದ್ದು.

ಸ್ವಿಲೆನ್ ಹಿಂದಕ್ಕೆ ಬಗ್ಗಿ ಬೆಲ್ಟು ಬಿಚ್ಚಿದ. ಮಗಳನ್ನು ತಳ್ಳಿದ. ಬಾಗಿಲು ಅವಳ ಹಿಂದೆ ಮುಚ್ಚಿಕೊಂಡಿತು. ಮುನ್ನೂರು. ಮುನ್ನೂರ ನಾಲ್ಕು. ಮುನ್ನೂರಾರು. ನಾನು ಬ್ರೆಡ್ಡು ಬಿಸಾಕಿ ಓಡುತ್ತಿದ್ದೆ. ಮಂಜಿನಿಂದ ಮಗು ಉರುಳಿ ಬಂದು ಕಾಂಕ್ರೀಟಿನ ಮೇಲೆ ಬಿತ್ತು. ಅದರ ಹಿಂದೆ ಕಪ್ಪು ಗಾಡಿ, ಮೂತಿ ತಗ್ಗಿಸಿ, ನೀರೊಳಗೆ ಇಳಿಯಿತು. ನೀರು ಚಿಮ್ಮಲಿಲ್ಲ. ಸದ್ದಾಗಲಿಲ್ಲ. ಹಿಂದಿನ ಗಾಜಿನಲ್ಲಿ ಸ್ವಿಲೆನ್‌ನ ಅಂಗೈ ಕಂಡಿತು. ಅವನ ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

*

ದಂಡೆಯ ಮೇಲೆ ನೆದೆಲ್ಯಾ ಅಜ್ಜಿ ನಿಂತಿದ್ದಳು. ಯಾವಾಗ ಬಂದಳೋ. ತಲೆವಸ್ತ್ರ ಬಿಚ್ಚಿ ಮಗುವಿನ ಕೂದಲೊರೆಸಿದಳು, ತನ್ನ ಕೋಟಿನೊಳಗೆ ಎಳೆದುಕೊಂಡಳು. ಜೊಂಡಿನ ಆಚೆ ಒಂದು ಕೊಕ್ಕರೆ ಒಂಟಿಗಾಲಲ್ಲಿ ನಿಂತಿತ್ತು. ಮಗು ಅದನ್ನು ನೋಡಿತು. ದಾರ ಬಿಚ್ಚಲಿಲ್ಲ. ಇವತ್ತಿಗೂ ಬಿಚ್ಚಿಲ್ಲ ಎನ್ನುತ್ತಾಳೆ ರಾಲಿತ್ಸಾ.

"ಆ ಸ್ವಿಲೆನ್‌ನನ್ನ ನಾನು ಬಿಟ್ಟುಬಿಟ್ಟಿದ್ದೆ ಕಣೋ," ಎಂದಳು ಅಜ್ಜಿ, ನನ್ನ ಮುಖ ನೋಡದೆ. "ನನ್ನ ಒಂದೇ ಒಂದು ಮಾತು ಕೇಳಿದ್ರೆ ಸಾಕಿತ್ತು. ಆ ಸಂಖ್ಯೆ ಮುಂದಕ್ಕೆ ಹೋಗಿದ್ರೆ ಸಾಕಿತ್ತು."

"ನಿನ್ನ ಮಗ ಈಗ..."

"ಇಳಿದ," ಎಂದಳು.

ಮೂರನೆಯ ದಿನ ಗಾಡಿಯನ್ನು ಎಳೆದು ತೆಗೆದದ್ದು ನಾನೇ. ಚಾಲಕನ ಸೀಟಿನಲ್ಲಿ ಸ್ವಿಲೆನ್ ಕೂತಿದ್ದ, ಬಲಗಾಲು ಬ್ರೇಕಿನ ಮೇಲೆ, ಬೆರಳು ಮಡಚಿ, ಹಿಮ್ಮಡಿ ಎತ್ತಿ. ಆ ಕಾಲನ್ನು ಪೆಡಲಿನಿಂದ ಬಿಡಿಸಲು ನಾಲ್ಕು ಜನ ಬೇಕಾಯಿತು.

ಈಗ ಗಾಡಿ ನನ್ನ ಹಿತ್ತಲಲ್ಲಿದೆ, ಗೋಣಿಚೀಲ ಹೊದಿಸಿಟ್ಟಿದ್ದೇನೆ. ಹೋದ ವಾರ ವಾರ್ನಾದಿಂದ ಒಬ್ಬ ವ್ಯಾಪಾರಿ ಬಂದಿದ್ದ. ಗೋಣಿ ಎತ್ತಿ ನೋಡಿ ಶಿಳ್ಳೆ ಹಾಕಿ, "ಎಷ್ಟು ಓಡಿದೆ ಯಜಮಾನ್ರೇ?" ಎಂದ. ನಾನು ಹೇಳಿದೆ: ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರೇಳು. ಆರು ಅಲ್ಲ, ಏಳು. ದೋಣಿ ಇಳಿಜಾರಿನ ಅಂಚಿನಿಂದ ಗಾಡಿ ಬಿದ್ದಿದ್ದ ಜಾಗಕ್ಕೆ ನನ್ನ ಹಗ್ಗದಲ್ಲಿ ನಲವತ್ತಮೂರು ಮೀಟರ್. ಅಷ್ಟು ದೂರಕ್ಕೆ ಮೀಟರ್ ಆರರಲ್ಲೇ ನಿಲ್ಲಬೇಕಿತ್ತು. ಮಿಕ್ಕ ದೂರವನ್ನು ಸ್ವಿಲೆನ್ ಆ ಮೂರು ದಿನ ನೀರಿನಡಿ ಎಲ್ಲಿಗೆ ಓಡಿಸಿದನೋ ಯಾರಿಗೆ ಗೊತ್ತು.

ನಾನು ಯಾವ ಮಾತಿಗೂ ಹತ್ತು ಸೇರಿಸಿ ಹೇಳುವವನು, ಊರಿಗೇ ಗೊತ್ತು. ಈ ಸಂಖ್ಯೆಗೆ ಒಂದನ್ನೂ ಸೇರಿಸಿಲ್ಲ, ಒಂದನ್ನೂ ಕಳೆದಿಲ್ಲ. ಮುಟ್ಟಲು ನನಗೆ ಧೈರ್ಯವಿಲ್ಲ.

ವಾರ್ನಾದವನು ನಕ್ಕ. ನನ್ನ ಹಿತ್ತಲಿನ ಪಾರಿವಾಳಗಳೆಲ್ಲ ಹಾರಿಹೋದವು.